ಮಂಗನ ಕಾಯಿಲೆಯ ವೈರಸ್ ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ಯಾಕೆ ಕಾಣುವುದಿಲ್ಲ?

(ಮಲೆನಾಡಿನ ಕಾಲೇಜೊಂದರಲ್ಲಿ ವಿಜ್ಞಾನದ ಮೇಷ್ಟ್ರುಗಳು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಲೆನಾಡಿನ ಸಭೆಯಲ್ಲಿ ಮೈಕ್ರೋಸ್ಕೋಪಿನ ಮಾತು ಎಂದರೆ ನನಗೆ ಮೊದಲು ನೆನಪಾಗುವುದು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಜ್ವರ ಬಂತು. ಆ ಕಾಯಿಲೆ ತರುವ ವೈರಸ್ಸಿಗೆ ಇವತ್ತಿಗೂ ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರೇ ಇದೆ. ಅದನ್ನು ಹರಡುವ ಉಣುಗು ಬರಿಗಣ್ಣಿಗೆ ಕಾಣುತ್ತದೆ. ಉಣುಗಿನ ಮೈಯ ಜೀವಕೋಶ ನಿಮ್ಮ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಆದರೆ ಆ ಕೋಶದೊಳಗೆ ಸೇರಿಕೊಂಡ ವೈರಸ್ ಕಾಣುವುದಿಲ್ಲ. ಎಷ್ಟು ಹೊತ್ತು ಫೋಕಸ್ ತಿರುಗಿಸಿದರೂ ಕಾಣುವುದಿಲ್ಲ. ಇನ್ನೂ ಪವರ್ ಜಾಸ್ತಿ ಇರುವ ಲೆನ್ಸ್ ತಂದು ಹಾಕಿದರೂ ಕಾಣುವುದಿಲ್ಲ. ಯಾಕೆ?

ಇದಕ್ಕೆ ಉತ್ತರ ಸಿಕ್ಕರೆ ಮೈಕ್ರೋಸ್ಕೋಪಿನಲ್ಲಿ ಇಷ್ಟೊಂದು ಬಗೆಗಳು ಯಾಕಿವೆ ಎಂಬುದೂ ಗೊತ್ತಾಗುತ್ತದೆ. ಮೈಕ್ರೋಸ್ಕೋಪ್ ನೋಡಿದ ಕೂಡಲೇ ಎಲ್ಲರೂ ಕೇಳುವುದು, "ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೆ?" ಅಂತ. ನಾನು ಬೇರೆ ಎರಡು ಪ್ರಶ್ನೆ ಕೇಳಿ ಎನ್ನುತ್ತೇನೆ. ಅಕ್ಕಪಕ್ಕದಲ್ಲಿರುವ ಎರಡು ಚುಕ್ಕಿಗಳನ್ನು ಇದು ಎರಡಾಗಿಯೇ ತೋರಿಸುತ್ತದಾ? ಆ ಚುಕ್ಕಿ ಸುತ್ತಲಿನದರಿಂದ ಬೇರೆಯಾಗಿ ಎದ್ದು ಕಾಣುತ್ತದಾ? ಮೊದಲನೆಯದು ರೆಸಲ್ಯೂಷನ್, ಎರಡನೆಯದು ಕಾಂಟ್ರಾಸ್ಟ್. ಕಳೆದ ಮುನ್ನೂರೈವತ್ತು ವರ್ಷಗಳಲ್ಲಿ ಬಂದ ಮೈಕ್ರೋಸ್ಕೋಪುಗಳೆಲ್ಲ ಈ ಎರಡರಲ್ಲಿ ಒಂದರ ಜೊತೆ ಗುದ್ದಾಡಿ ಹುಟ್ಟಿದವು.

ಮೊದಲು ಉಣುಗನ್ನೇ ನೋಡೋಣ. ಅದಕ್ಕೆ ಬೇಕಾದದ್ದು ಸ್ಟೀರಿಯೋ ಮೈಕ್ರೋಸ್ಕೋಪ್. ಹತ್ತರಿಂದ ನಲವತ್ತು ಪಟ್ಟು ಇದ್ದರೆ ಧಾರಾಳ. ಬೆಳಕು ಮೇಲಿನಿಂದ ಬೀಳುತ್ತದೆ. ಎರಡು ಕಣ್ಣಿಗೂ ಬೇರೆ ಬೇರೆ ದಾರಿ, ಸ್ವಲ್ಪ ಬೇರೆ ಕೋನ. ಹಾಗಾಗಿ ಉಣುಗು ಚಪ್ಪಟೆ ಚಿತ್ರದಂತೆ ಕಾಣುವುದಿಲ್ಲ, ಉಬ್ಬು ತಗ್ಗುಗಳ ಸಮೇತ ಕಾಣುತ್ತದೆ. ಲೆನ್ಸಿಗೂ ಹುಳಕ್ಕೂ ನಡುವೆ ಕೈ ಆಡಿಸುವಷ್ಟು ಜಾಗ ಇರುತ್ತದೆ. ಚಿಮಟದಲ್ಲಿ ಹಿಡಿದು ಮಗುಚಿ ನೋಡಬಹುದು. ಆರು ಕಾಲಿದ್ದರೆ ಮರಿ, ಎಂಟಿದ್ದರೆ ಅದರ ಮುಂದಿನ ಹಂತ ಅಥವಾ ಬೆಳೆದ ಉಣುಗು. ಬಾಯಿಯ ಭಾಗ, ಕಾಲಿನ ಬುಡದ ಮುಳ್ಳುಗಳನ್ನು ನೋಡಿ ಯಾವ ಜಾತಿ ಎಂದು ಹೇಳುತ್ತಾರೆ. ಕಾಡಂಚಿನಲ್ಲಿ ಉಣುಗು ಹಿಡಿದು ತಂದವರಿಗೆ ಇಷ್ಟು ಸಾಕು. ಇಲ್ಲಿ ಸಾವಿರ ಪಟ್ಟಿನ ಲೆನ್ಸ್ ಹಾಕಿದರೆ ಕಾಲಿನ ಒಂದು ತುಣುಕು ಮಸುಕಾಗಿ ಕಂಡೀತು, ಅಷ್ಟೇ.

ಈಗ ನಿಮ್ಮ ಮೇಜಿನ ಮೇಲಿರುವ ಮೈಕ್ರೋಸ್ಕೋಪಿಗೆ ಬರೋಣ. ಇದರ ಹೆಸರು ಕಾಂಪೌಂಡ್ ಮೈಕ್ರೋಸ್ಕೋಪ್. ಕೆಳಗಿನ ಆಬ್ಜೆಕ್ಟಿವ್ ಲೆನ್ಸ್ ಒಂದು ದೊಡ್ಡ ಬಿಂಬ ಮಾಡಿಕೊಡುತ್ತದೆ. ಮೇಲಿನ ಐಪೀಸ್ ಆ ಬಿಂಬವನ್ನು ಮತ್ತೆ ಹಿಗ್ಗಿಸುತ್ತದೆ. ನಿಜವಾದ ಕೆಲಸವೆಲ್ಲ ಕೆಳಗಿನ ಲೆನ್ಸಿನದು. ಅದು ಹಿಡಿಯದೆ ಬಿಟ್ಟ ವಿವರವನ್ನು ಐಪೀಸ್ ಹುಟ್ಟಿಸಿಕೊಡಲಾರದು.

ಎಲ್ಲರೂ ಮಾಡಿರುವ ಪ್ರಯೋಗ ಈರುಳ್ಳಿ ಸಿಪ್ಪೆ. ಈರುಳ್ಳಿಯ ಒಳಪದರದಿಂದ ತೆಳ್ಳನೆ ಪೊರೆ ಎಳೆದು, ನೀರಿನ ಹನಿಯ ಮೇಲೆ ಹರಡಿ, ಕವರ್‌ಸ್ಲಿಪ್ ಮುಚ್ಚುತ್ತೀರಿ. ನೋಡಿದರೆ ಬರೀ ಬಿಳುಪು. ಮಕ್ಕಳು "ಏನೂ ಕಾಣ್ತಾ ಇಲ್ಲ ಸರ್" ಎನ್ನುತ್ತಾರೆ. ಆಗ ನೀವೇನು ಮಾಡುತ್ತೀರಿ? ಬಣ್ಣ ಹಾಕುತ್ತೀರಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಬೆಳಕನ್ನು ಕೂಡಿಸಿ ಸ್ಲೈಡಿಗೆ ಕಳಿಸುವ ಕಂಡೆನ್ಸರ್ ಇದೆ, ಅದಕ್ಕೊಂದು ಸಣ್ಣ ಹಿಡಿ ಇದೆ. ಡಯಾಫ್ರಾಮ್, ಅಂದರೆ ಬೆಳಕು ಬರುವ ಕಿಂಡಿಯನ್ನು ತೆರೆದು ಮುಚ್ಚುವ ಹಿಡಿ ಅದು. ಬಹಳ ಲ್ಯಾಬುಗಳಲ್ಲಿ ಅದನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. ಅದನ್ನು ನಿಧಾನವಾಗಿ ಮುಚ್ಚುತ್ತಾ ಹೋಗಿ. ಬೆಳಕು ಕಡಿಮೆಯಾಗುತ್ತದೆ, ಜೊತೆಗೆ ಕೋಶಗಳ ಗೋಡೆಗಳು ಗೆರೆ ಎಳೆದಂತೆ ಎದ್ದು ಬರುತ್ತವೆ. ಕಾಂಟ್ರಾಸ್ಟ್ ಹೆಚ್ಚಾಯಿತು. ಇನ್ನೂ ಮುಚ್ಚಿದರೆ ಗೆರೆಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರೆಸಲ್ಯೂಷನ್ ಹೋಯಿತು. ನಾನು ಹೇಳಿದ ಎರಡು ಪ್ರಶ್ನೆಗಳೂ ಆ ಒಂದು ಹಿಡಿಯಲ್ಲಿವೆ. ಒಂದು ಬೇಕೆಂದರೆ ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಬೇಕು. ಮೇಷ್ಟ್ರುಗಳು ದಯವಿಟ್ಟು ಇದನ್ನು ಮಕ್ಕಳ ಕೈಯಿಂದಲೇ ಮಾಡಿಸಿ.

ಇಷ್ಟೆಲ್ಲ ಭಾಗಗಳಿಲ್ಲದೆ ಒಂದೇ ಲೆನ್ಸಿನಲ್ಲಿ ಬೆರಗಾಗುವಷ್ಟು ನೋಡಿದವರೂ ಇದ್ದಾರೆ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್. ಎರಡು ಲೋಹದ ತಗಡಿನ ನಡುವೆ ಸಣ್ಣ ಗಾಜಿನ ಲೆನ್ಸ್ ಸಿಕ್ಕಿಸಿ, ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡುತ್ತಿದ್ದರು. ಅವರು ಮಾಡಿದವುಗಳಲ್ಲಿ ಉಳಿದುಕೊಂಡಿರುವ ಒಂದು ಸುಮಾರು 270 ಪಟ್ಟು ಹಿಗ್ಗಿಸುತ್ತದೆ. 1670ರ ದಶಕದಲ್ಲಿ ಕೆರೆಯ ನೀರಿನಲ್ಲಿ ಓಡಾಡುವ ಸಣ್ಣ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಕಾಗದ ಬರೆದರು. 1683ರಲ್ಲಿ ಹಲ್ಲಿನ ಪಾಚಿಯಲ್ಲಿದ್ದ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದರು. ಆ ಕಾಲದ ಎರಡು ಲೆನ್ಸಿನ ಮೈಕ್ರೋಸ್ಕೋಪುಗಳಲ್ಲಿ ಬಿಂಬದ ಸುತ್ತ ಬಣ್ಣದ ಅಂಚು ಬಂದು ಎಲ್ಲ ಮಸುಕಾಗುತ್ತಿತ್ತು. ಒಂದೇ ಲೆನ್ಸನ್ನು ಚೆನ್ನಾಗಿ ಉಜ್ಜಿದ್ದೇ ಅವರ ಗೆಲುವು.

ಆಮೇಲೆ ಇನ್ನೂರು ವರ್ಷ ಲೆನ್ಸುಗಳು ಸುಧಾರಿಸುತ್ತಾ ಹೋದವು. ಹೀಗೇ ಹೋದರೆ ಒಂದು ದಿನ ಎಲ್ಲವೂ ಕಂಡೀತು ಎಂದು ಜನ ನಂಬಿದ್ದರು. 1873ರಲ್ಲಿ ಜರ್ಮನಿಯ ಯೇನಾದಲ್ಲಿ ಎರ್ನ್ಸ್ಟ್ ಅಬ್ಬೆ ಎಂಬ ಭೌತವಿಜ್ಞಾನಿ, ಇಲ್ಲ, ಇದಕ್ಕೊಂದು ಗಡಿ ಇದೆ ಎಂದರು. ಗಡಿ ಇರುವುದು ಲೆನ್ಸಿನ ಕೆಲಸಗಾರಿಕೆಯಲ್ಲಲ್ಲ, ಬೆಳಕಿನಲ್ಲೇ.

ಬೆಳಕು ಅಲೆ. ಕೆರೆಯಲ್ಲಿ ಅಲೆ ಬರುತ್ತಿರುವಾಗ ದೊಡ್ಡ ಬಂಡೆ ಅಡ್ಡ ಇದ್ದರೆ ಅದರ ಹಿಂದೆ ನೀರು ಸುಮ್ಮನಾಗುತ್ತದೆ. ಬಂಡೆ ಇದೆ ಎಂದು ಅಲೆಯನ್ನು ನೋಡಿಯೇ ಹೇಳಬಹುದು. ಒಂದು ಹುಲ್ಲುಕಡ್ಡಿ ನಿಂತಿದ್ದರೆ? ಅಲೆ ಏನೂ ಆಗದಂತೆ ದಾಟಿಹೋಗುತ್ತದೆ. ಅಲೆಯ ಉದ್ದಕ್ಕಿಂತ ಬಹಳ ಸಣ್ಣದಾದ ವಸ್ತುವಿನ ಆಕಾರವನ್ನು ಆ ಅಲೆ ಹೊತ್ತು ತರಲಾರದು. ಅಬ್ಬೆಯವರ ಲೆಕ್ಕ ಸರಳವಾಗಿದೆ. ಬೆಳಕಿನ ಅಲೆಯುದ್ದವನ್ನು ಲೆನ್ಸಿನ 'ಎನ್ಎ' ಎಂಬ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಹತ್ತಿರ ಇರುವ ಎರಡು ಚುಕ್ಕಿಗಳು ಒಂದಾಗಿ ಕಾಣುತ್ತವೆ. ಎನ್ಎ ಎಂದರೆ ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕನ್ನು ಬಾಚಿಕೊಳ್ಳುತ್ತದೆ ಎಂಬುದರ ಅಳತೆ.

ಆ ಸಂಖ್ಯೆ ಎಲ್ಲಿದೆ ಗೊತ್ತಾ? ಆಬ್ಜೆಕ್ಟಿವ್ ಮೈಮೇಲೆಯೇ ಬರೆದಿದೆ. 10ರ ಪಕ್ಕ 0.25, 40ರ ಪಕ್ಕ 0.65, 100ರ ಪಕ್ಕ 1.25. ಹಸಿರು ಬೆಳಕಿನ ಅಲೆಯುದ್ದ 550 ನ್ಯಾನೋಮೀಟರ್ ಎಂದು ಹಿಡಿಯಿರಿ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. 40ರ ಲೆನ್ಸಿಗೆ ಲೆಕ್ಕ ಹಾಕಿದರೆ ಗಡಿ ಸುಮಾರು 420 ನ್ಯಾನೋಮೀಟರ್. 100ರ ಲೆನ್ಸಿಗೆ 220. ಅತ್ಯುತ್ತಮ ದುಬಾರಿ ಲೆನ್ಸಿಗೂ ಹೆಚ್ಚುಕಡಿಮೆ 200. ಕ್ಯಾಸನೂರಿನ ವೈರಸ್ ಇರುವುದು ಸುಮಾರು 50 ನ್ಯಾನೋಮೀಟರ್. ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಐಪೀಸ್ ಬದಲಿಸಿ ಎರಡು ಸಾವಿರ ಪಟ್ಟು ಮಾಡಿದರೆ ಅದೇ ಮಸುಕು ಇನ್ನೂ ದೊಡ್ಡದಾಗಿ ಕಾಣುತ್ತದೆ. ಜಾಹೀರಾತಿನಲ್ಲಿ '1200 ಪಟ್ಟು' ಎಂದು ದೊಡ್ಡಕ್ಷರದಲ್ಲಿ ಬರೆದ ಆಟಿಕೆ ಮೈಕ್ರೋಸ್ಕೋಪುಗಳನ್ನು ಶಾಲೆಗೆ ಕೊಳ್ಳುವ ಮೊದಲು ಲೆನ್ಸಿನ ಮೇಲೆ ಎನ್ಎ ಬರೆದಿದೆಯಾ ನೋಡಿ. ಬರೆದಿಲ್ಲವಾದರೆ ಕೊಳ್ಳಬೇಡಿ ಎಂದೇ ನನ್ನ ಸಲಹೆ.

100ರ ಲೆನ್ಸಿಗೆ ಎಣ್ಣೆ ಯಾಕೆ ಹಾಕುತ್ತೇವೆ ಎಂಬುದೂ ಇದೇ ಲೆಕ್ಕ. ಸ್ಲೈಡಿನ ಗಾಜಿನಿಂದ ಗಾಳಿಗೆ ಬಂದ ಬೆಳಕು ಹೊರಕ್ಕೆ ಬಾಗುತ್ತದೆ. ಓರೆಯಾಗಿ ಬಂದ ಕಿರಣಗಳು ಲೆನ್ಸಿಗೆ ಸಿಗದೆ ತಪ್ಪಿಹೋಗುತ್ತವೆ. ಸಣ್ಣ ವಿವರಗಳ ಸುದ್ದಿ ಇರುವುದೇ ಆ ಓರೆ ಕಿರಣಗಳಲ್ಲಿ. ನಡುವೆ ಗಾಳಿಯ ಬದಲು ಗಾಜಿನಷ್ಟೇ ವಕ್ರೀಭವನವಿರುವ ಎಣ್ಣೆ ತುಂಬಿದರೆ ಬೆಳಕಿಗೆ ಗಾಜು ಮುಗಿದದ್ದೇ ಗೊತ್ತಾಗುವುದಿಲ್ಲ, ನೇರವಾಗಿ ಲೆನ್ಸಿನೊಳಗೆ ಹೋಗುತ್ತದೆ.

ಈ ಎಣ್ಣೆಯ ಹನಿ ಎಷ್ಟು ಜೀವ ಉಳಿಸಿದೆ ಎಂಬುದನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳ ಲ್ಯಾಬ್ ಟೆಕ್ನಿಷಿಯನ್ನರನ್ನು ಕೇಳಬೇಕು. ಟಿಬಿ ಪರೀಕ್ಷೆಗೆ ಕಫವನ್ನು ಸ್ಲೈಡಿನ ಮೇಲೆ ತೆಳ್ಳಗೆ ಹರಡಿ ಒಣಗಿಸುತ್ತಾರೆ. ಕೆಂಪು ಕಾರ್ಬಾಲ್ ಫುಕ್ಸಿನ್ ಸುರಿದು, ಆವಿ ಏಳುವವರೆಗೆ ಕೆಳಗಿನಿಂದ ಬಿಸಿ ಮಾಡುತ್ತಾರೆ. ಕುದಿಯಲು ಬಿಡಬಾರದು. ಆಮೇಲೆ ಆ್ಯಸಿಡ್ಡಿನಲ್ಲಿ ತೊಳೆಯುತ್ತಾರೆ. ಬೇರೆಲ್ಲದರ ಕೆಂಪು ಹೋಗುತ್ತದೆ. ಟಿಬಿ ಬ್ಯಾಕ್ಟೀರಿಯಾದ ಮೈಗೆ ಮೇಣದಂಥ ಪದರ ಇರುವುದರಿಂದ ಅದು ಮಾತ್ರ ಬಣ್ಣ ಬಿಡುವುದಿಲ್ಲ. ಕೊನೆಗೆ ಮೆಥಿಲೀನ್ ಬ್ಲೂ. ನೋಡಿದರೆ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು. ಉದ್ದ ಎರಡರಿಂದ ನಾಲ್ಕು ಮೈಕ್ರಾನ್, ಅಂದರೆ ನಾಲ್ಕು ಸಾವಿರ ನ್ಯಾನೋಮೀಟರ್ ತನಕ. ಅಗಲ ಮಾತ್ರ 200ರಿಂದ 500 ನ್ಯಾನೋಮೀಟರ್. ಅಬ್ಬೆಯವರ ಗಡಿಯ ಅಂಚಿನಲ್ಲೇ ಕೂತಿದೆ ನೋಡಿ. ಇಷ್ಟು ಕಡಿಮೆ ಅವಕಾಶದಲ್ಲಿ ಅದು ಸಿಕ್ಕಿಬೀಳುವುದು ಬಣ್ಣದಿಂದಾಗಿ. ಒಂದೂ ಇಲ್ಲ ಎಂದು ಬರೆಯಬೇಕಾದರೆ ಟೆಕ್ನಿಷಿಯನ್ ನೂರು ಕಡೆ ಸರಿಸಿ ಸರಿಸಿ ನೋಡಿರಬೇಕು. ಬೆನ್ನು ನೋವು, ಕಣ್ಣು ನೋವಿನ ಈ ಕೆಲಸದ ಬಗ್ಗೆ ನನಗೆ ಬಹಳ ಗೌರವ.

ಆದರೆ ಬಣ್ಣಕ್ಕೆ ಒಂದು ಬೆಲೆ ಇದೆ. ಸಾಮಾನ್ಯವಾಗಿ ಬಣ್ಣ ಹಾಕುವ ಹೊತ್ತಿಗೆ ಕೋಶ ಸತ್ತಿರುತ್ತದೆ. ಜೀವಂತ ಕೋಶ ಗಾಜಿನಷ್ಟು ಪಾರದರ್ಶಕ. ಅದು ಬೆಳಕನ್ನು ತಡೆಯುವುದಿಲ್ಲ, ಸ್ವಲ್ಪ ತಡ ಮಾಡಿಸುತ್ತದೆ ಅಷ್ಟೇ. ನಮ್ಮ ಕಣ್ಣಿಗೆ ಬೆಳಕಿನ ಹೆಚ್ಚುಕಡಿಮೆ ಗೊತ್ತಾಗುತ್ತದೆ, ತಡ ಗೊತ್ತಾಗುವುದಿಲ್ಲ. ನೆದರ್ಲೆಂಡ್ಸಿನ ಖ್ರೋನಿಂಗನ್ನಿನಲ್ಲಿದ್ದ ಫ್ರಿಟ್ಸ್ ಜರ್ನಿಕೆ 1930ರ ದಶಕದ ಶುರುವಿನಲ್ಲಿ ಆ ತಡವನ್ನೇ ಬೆಳಕು ನೆರಳಾಗಿ ಬದಲಿಸುವ ದಾರಿ ಕಂಡುಹಿಡಿದರು. ಕಂಡೆನ್ಸರಿನಲ್ಲಿ ಉಂಗುರದ ಆಕಾರದ ಕಿಂಡಿ, ಆಬ್ಜೆಕ್ಟಿವ್ ಒಳಗೆ ಅದಕ್ಕೆ ಸರಿಯಾಗಿ ಹೊಂದುವ ಇನ್ನೊಂದು ಉಂಗುರ. ನೇರವಾಗಿ ಬಂದ ಬೆಳಕನ್ನು ಅದು ಕಾಲು ಅಲೆಯಷ್ಟು ಸರಿಸಿ, ಸ್ವಲ್ಪ ಮಂಕು ಮಾಡುತ್ತದೆ. ಕೋಶದಲ್ಲಿ ಚದುರಿದ ಬೆಳಕು ಇದರ ಜೊತೆ ಸೇರಿದಾಗ ಕೆಲವು ಕಡೆ ಕಪ್ಪು, ಕೆಲವು ಕಡೆ ಬಿಳುಪು. ಬಣ್ಣವಿಲ್ಲದೆ, ಕೋಶ ಬದುಕಿರುವಾಗಲೇ ಅದು ಎರಡಾಗಿ ಒಡೆಯುವುದನ್ನು ನೋಡಬಹುದು. ಹೆಸರಾಂತ ಮೈಕ್ರೋಸ್ಕೋಪ್ ಕಂಪನಿಯೊಂದಕ್ಕೆ ಇದನ್ನು ತೋರಿಸಿದಾಗ ಅವರು ಆಸಕ್ತಿ ತೋರಲಿಲ್ಲ. 1953ರಲ್ಲಿ ಫೇಸ್ ಕಾಂಟ್ರಾಸ್ಟ್ ಎಂಬ ಇದೇ ವಿಧಾನಕ್ಕೆ ನೊಬೆಲ್ ಬಂತು.

ಕಾಂಟ್ರಾಸ್ಟಿಗೆ ಇನ್ನೊಂದು ದಾರಿ ಫ್ಲೋರೆಸೆನ್ಸ್. ಕೆಲವು ಬಣ್ಣಗಳ ಮೇಲೆ ನೀಲಿ ಬೆಳಕು ಬಿಟ್ಟರೆ ಅವು ಹಸಿರು ಬೆಳಕು ಕೊಡುತ್ತವೆ. ಮೈಕ್ರೋಸ್ಕೋಪಿನ ಫಿಲ್ಟರ್ ನೀಲಿಯನ್ನು ತಡೆದು ಹಸಿರನ್ನು ಮಾತ್ರ ಕಣ್ಣಿಗೆ ಬಿಡುತ್ತದೆ. ಕತ್ತಲೆಯಲ್ಲಿ ಬೇಕಾದದ್ದು ಮಾತ್ರ ಹೊಳೆಯುತ್ತದೆ. ಟಿಬಿ ಲ್ಯಾಬುಗಳಿಗೆ ಎಲ್ಇಡಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಬಂದ ಮೇಲೆ ಆರಮೀನ್ ಬಣ್ಣ ಹಾಕಿ, ಎಣ್ಣೆಯಿಲ್ಲದೆ, ಕಡಿಮೆ ಪವರಿನಲ್ಲೇ ದೊಡ್ಡ ಜಾಗವನ್ನು ಬೇಗ ನೋಡಿ ಮುಗಿಸಲು ಸಾಧ್ಯವಾಯಿತು. ನೋಡಿ, ಇಲ್ಲಿ ಪವರ್ ಕಡಿಮೆಯಾಗಿ ಕೆಲಸ ಸಲೀಸಾಯಿತು! ಜೆಲ್ಲಿಮೀನಿನಲ್ಲಿ ಸಿಕ್ಕಿದ ಹಸಿರು ಹೊಳೆಯುವ ಪ್ರೋಟೀನಿಗೆ 2008ರಲ್ಲಿ ನೊಬೆಲ್ ಬಂದದ್ದೂ ಇದಕ್ಕೇ. ಅದರ ಜೀನನ್ನು ಕೋಶದೊಳಗೆ ಸೇರಿಸಿದರೆ ಕೋಶವೇ ತನ್ನ ಬಣ್ಣ ತಾನು ಮಾಡಿಕೊಳ್ಳುತ್ತದೆ.

ಇದರದ್ದೇ ಮುಂದಿನ ರೂಪ ಕಾನ್‌ಫೋಕಲ್. ದಪ್ಪ ಅಂಗಾಂಶದಲ್ಲಿ ಮೇಲಿನ, ಕೆಳಗಿನ ಪದರಗಳ ಬೆಳಕು ಬಂದು ಚಿತ್ರ ಕಲಸಿಹೋಗುತ್ತದೆ. ಸೂಜಿಮೊನೆಯಷ್ಟು ಕಿಂಡಿಯಿಟ್ಟು ಆ ಬೆಳಕನ್ನು ತಡೆದು, ಒಂದೊಂದೇ ಚುಕ್ಕಿಯಾಗಿ ಚಿತ್ರ ಕಟ್ಟುತ್ತಾರೆ. ಅಮೆರಿಕದ ವಿಜ್ಞಾನಿ ಮಾರ್ವಿನ್ ಮಿನ್‌ಸ್ಕಿ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದು, ಕ್ಯಾಸನೂರಿನಲ್ಲಿ ಮಂಗಗಳು ಸತ್ತ ಅದೇ 1957ರಲ್ಲಿ.

ಅಬ್ಬೆಯವರ ಗಡಿಯನ್ನು ಬೆಳಕಿನಿಂದಲೇ ದಾಟಿದವರೂ ಇದ್ದಾರೆ. ಜರ್ಮನಿಯ ವಿಜ್ಞಾನಿ ಸ್ಟೆಫಾನ್ ಹೆಲ್ ಅವರ ಉಪಾಯ ನನಗೆ ತುಂಬಾ ಇಷ್ಟ. ಒಂದು ಲೇಸರ್ ಚುಕ್ಕಿಯಷ್ಟು ಜಾಗವನ್ನು ಹೊಳೆಯಿಸುತ್ತದೆ. ಆ ಚುಕ್ಕಿ 200 ನ್ಯಾನೋಮೀಟರಿಗಿಂತ ಸಣ್ಣದಾಗುವುದಿಲ್ಲ. ಅದರ ಮೇಲೆಯೇ ನಡುವೆ ತೂತಿರುವ ಉಂಗುರದ ಆಕಾರದಲ್ಲಿ ಎರಡನೇ ಲೇಸರ್ ಬಿಡುತ್ತಾರೆ. ಅದು ಅಂಚಿನ ಹೊಳಪನ್ನೆಲ್ಲ ಆರಿಸಿಬಿಡುತ್ತದೆ. ನಡುವಿನ ತೀರಾ ಸಣ್ಣ ಜಾಗ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಅಬ್ಬೆಯವರ ಲೆಕ್ಕ ತಪ್ಪಾಗಲಿಲ್ಲ. ಎರಡು ಚುಕ್ಕಿಗಳು ಒಂದೇ ಹೊತ್ತಿಗೆ ಹೊಳೆಯದಂತೆ ನೋಡಿಕೊಂಡರು, ಹಾಗಾಗಿ ಅವು ಬೆರೆಯಲಿಲ್ಲ. 2014ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ, ಎರಿಕ್ ಬೆಟ್ಜಿಗ್ ಮತ್ತು ವಿಲಿಯಂ ಮೋರ್ನರ್ ಅವರಿಗೂ ಬಂತು.

ಈಗ ನಮ್ಮ ವೈರಸ್. ಬೆಳಕಿನ ಅಲೆ ಉದ್ದವಾಯಿತು ಎಂದರೆ ಅಲೆಯನ್ನೇ ಬದಲಿಸಬೇಕು. ಎಲೆಕ್ಟ್ರಾನಿಗೂ ಅಲೆಯ ಗುಣ ಇದೆ. ಒಂದು ಲಕ್ಷ ವೋಲ್ಟಿನಲ್ಲಿ ಓಡಿಸಿದ ಎಲೆಕ್ಟ್ರಾನಿನ ಅಲೆಯುದ್ದ 0.0037 ನ್ಯಾನೋಮೀಟರ್, ಹಸಿರು ಬೆಳಕಿನದ್ದಕ್ಕಿಂತ ಒಂದು ಲಕ್ಷ ಪಟ್ಟಿಗಿಂತಲೂ ಹೆಚ್ಚು ಸಣ್ಣದು. ಗಾಜಿನ ಲೆನ್ಸ್ ಇಲ್ಲಿ ನಡೆಯುವುದಿಲ್ಲ. ತಂತಿ ಸುತ್ತಿದ ಸುರುಳಿಯ ಕಾಂತಶಕ್ತಿಯೇ ಎಲೆಕ್ಟ್ರಾನುಗಳನ್ನು ಬಾಗಿಸುವ ಲೆನ್ಸ್. ಗಾಳಿ ಇದ್ದರೆ ಎಲೆಕ್ಟ್ರಾನು ಅದಕ್ಕೆ ಬಡಿದು ಚದುರುತ್ತದೆ, ಆದ್ದರಿಂದ ಇಡೀ ಕೊಳವೆಯಲ್ಲಿ ನಿರ್ವಾತ ಇರಬೇಕು. 1931ರಲ್ಲಿ ಬರ್ಲಿನ್ನಿನಲ್ಲಿ ಎರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ಕ್ನೋಲ್ ಮಾಡಿದ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಪ್ಪತ್ತು ಪಟ್ಟು ಕೂಡ ಹಿಗ್ಗಿಸುತ್ತಿರಲಿಲ್ಲ. ಎರಡು ವರ್ಷದಲ್ಲಿ ರುಸ್ಕಾ ಬೆಳಕಿನ ಮೈಕ್ರೋಸ್ಕೋಪನ್ನು ಹಿಂದೆ ಹಾಕಿದರು. ಅವರ ತಮ್ಮ ಹೆಲ್ಮುಟ್ ವೈದ್ಯರು. ಇದರಿಂದ ರೋಗಾಣು ನೋಡಬೇಕು ಎಂದು ಹಟ ಹಿಡಿದವರಲ್ಲಿ ಅವರೂ ಒಬ್ಬರು. 1939ರಲ್ಲಿ ಅವರೂ ಜೊತೆಗಾರರೂ ತಂಬಾಕು ಗಿಡದ ವೈರಸ್ಸಿನ ಚಿತ್ರ ಪ್ರಕಟಿಸಿದರು. ಎರ್ನ್ಸ್ಟ್ ರುಸ್ಕಾಗೆ ನೊಬೆಲ್ ಬಂದದ್ದು 1986ರಲ್ಲಿ, 55 ವರ್ಷ ಕಾದ ಮೇಲೆ. ಕ್ನೋಲ್ ಆಗ ಬದುಕಿರಲಿಲ್ಲ.

ಈ ಯಂತ್ರದೊಳಗೆ ಹೋಗಲು ಕೋಶ ಬಹಳ ಕಷ್ಟಪಡಬೇಕು. ರಾಸಾಯನಿಕದಲ್ಲಿ ಗಟ್ಟಿ ಮಾಡಿ, ಆಲ್ಕೋಹಾಲಿನಲ್ಲಿ ನೀರೆಲ್ಲ ತೆಗೆದು, ರಾಳದಲ್ಲಿ ಹುದುಗಿಸಿ, ವಜ್ರದ ಅಥವಾ ಗಾಜಿನ ಚಾಕುವಿನಿಂದ 70 ನ್ಯಾನೋಮೀಟರ್ ದಪ್ಪಕ್ಕೆ ಹೆಚ್ಚುತ್ತಾರೆ. ರಕ್ತದ ಒಂದು ಕೆಂಪು ಕಣದ ಅಗಲದಲ್ಲಿ ಇಂಥ ನೂರು ಹೋಳು ಸಿಗುತ್ತವೆ. ಹೋಳುಗಳು ಚಾಕುವಿನ ಪಕ್ಕದ ನೀರಿನ ಮೇಲೆ ತೇಲುತ್ತವೆ. ಮೂರು ಮಿಲಿಮೀಟರಿನ ತಾಮ್ರದ ಜಾಲರಿಯಿಂದ ಅವನ್ನು ಎತ್ತಿಕೊಳ್ಳಬೇಕು. ಬಣ್ಣದ ಬದಲು ಇಲ್ಲಿ ಆಸ್ಮಿಯಂ, ಯುರೇನಿಯಂ, ಸೀಸದಂಥ ಭಾರದ ಲೋಹಗಳ ಲವಣ. ಅವು ಸೇರಿದ ಕಡೆ ಎಲೆಕ್ಟ್ರಾನು ಚದುರಿ ಕಪ್ಪಾಗುತ್ತದೆ. ಬಿಡಿ ವೈರಸ್ಸಿಗಾದರೆ ಇಷ್ಟು ಕಷ್ಟ ಇಲ್ಲ. ಲೋಹದ ಲವಣವನ್ನು ವೈರಸ್ಸಿನ ಸುತ್ತ ಒಣಗಿಸಿದರೆ ಕಪ್ಪು ಹಿನ್ನೆಲೆಯಲ್ಲಿ ಅದರ ಆಕಾರ ಬೆಳ್ಳಗೆ ಮೂಡುತ್ತದೆ. ಗ್ಲಾಸ್ಗೋದ ಜೂನ್ ಅಲ್ಮೇಡಾ ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಸೇರಿದವರು. 1960ರ ದಶಕದಲ್ಲಿ ಇದೇ ವಿಧಾನದಿಂದ ಮನುಷ್ಯರ ಕೊರೋನಾ ವೈರಸ್ಸನ್ನು ಮೊದಲು ತೋರಿಸಿದವರು ಅವರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟಿವಿಯಲ್ಲಿ ಕಂಡ ಕೆಂಪು, ಹಸಿರು ವೈರಸ್ಸುಗಳ ಬಣ್ಣ ಕಂಪ್ಯೂಟರಿನಲ್ಲಿ ಹಚ್ಚಿದ್ದು. ಎಲೆಕ್ಟ್ರಾನ್ ಚಿತ್ರ ಯಾವಾಗಲೂ ಕಪ್ಪು ಬಿಳುಪು.

ಉಣುಗಿನ ಬಾಯಿಯ ಹಲ್ಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುವ ಚಿತ್ರ ನೋಡಿದ್ದೀರಲ್ವಾ? ಅದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನದು. ಉಣುಗನ್ನು ಒಣಗಿಸಿ ಚಿನ್ನದ ತೀರಾ ತೆಳುವಾದ ಲೇಪ ಕೊಟ್ಟು, ಎಲೆಕ್ಟ್ರಾನ್ ಕಿರಣವನ್ನು ಅದರ ಮೇಲೆ ಸಾಲುಸಾಲಾಗಿ ಓಡಿಸುತ್ತಾರೆ. ಮೇಲ್ಮೈಯಿಂದ ಹೊರಬಿದ್ದ ಎಲೆಕ್ಟ್ರಾನುಗಳನ್ನು ಎಣಿಸಿ ಚಿತ್ರ ಕಟ್ಟುತ್ತಾರೆ. ಒಳಗಿನದು ಕಾಣುವುದಿಲ್ಲ, ಹೊರಮೈ ಮಾತ್ರ. ಇನ್ನು ವೈರಸ್ಸಿನ ಪ್ರೋಟೀನುಗಳ ಪರಮಾಣು ಜೋಡಣೆಯೇ ಬೇಕೆಂದರೆ ಕ್ರಯೋ ವಿಧಾನ ಇದೆ. ಹರಳುಗಟ್ಟಲು ಸಮಯ ಸಿಗದಷ್ಟು ಬೇಗ ನೀರನ್ನು ಹೆಪ್ಪುಗಟ್ಟಿಸಿ, ಬಣ್ಣವಿಲ್ಲದೆ ಸಾವಿರಾರು ಕಣಗಳ ಮಸುಕು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸುತ್ತಾರೆ. ಇದಕ್ಕೆ 2017ರ ನೊಬೆಲ್. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಆವರಣದಲ್ಲಿ ಈ ಸೌಲಭ್ಯ ಇದೆ. ಇಲ್ಲಿ ಕೂತಿರುವ ಮಕ್ಕಳಲ್ಲಿ ಯಾರಾದರೂ ಮುಂದೆ ಅಲ್ಲಿ ಕೆಲಸ ಮಾಡಬೇಕೆಂದು ನನ್ನ ಆಸೆ.

ಲೆನ್ಸೇ ಇಲ್ಲದ ಮೈಕ್ರೋಸ್ಕೋಪುಗಳೂ ಇವೆ. 1981ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಲ್ಯಾಬಿನಲ್ಲಿ ಗರ್ಡ್ ಬಿನ್ನಿಗ್, ಹೈನ್ರಿಕ್ ರೋರರ್ ಚೂಪಾದ ಲೋಹದ ಮೊನೆಯನ್ನು ಮೇಲ್ಮೈಗೆ ತಾಗದಂತೆ ಓಡಿಸಿದರು. ತಾಗದಿದ್ದರೂ ಮೊನೆಗೂ ಮೇಲ್ಮೈಗೂ ನಡುವೆ ಸ್ವಲ್ಪ ಕರೆಂಟು ಹರಿಯುತ್ತದೆ. ನಡುವಿನ ಅಂತರ 0.1 ನ್ಯಾನೋಮೀಟರ್ ಹೆಚ್ಚಿದರೆ ಆ ಕರೆಂಟು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಏರಿಳಿತವೇ ಪರಮಾಣುಗಳ ನಕ್ಷೆ. ರುಸ್ಕಾ ಜೊತೆ 1986ರ ನೊಬೆಲ್ ಹಂಚಿಕೊಂಡವರು ಇವರೇ. ಅದೇ ವರ್ಷ ಬಂದ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿಗೆ ಕರೆಂಟೂ ಬೇಡ, ಮೊನೆಯ ಮೇಲಿನ ಸೆಳೆತ ತಳ್ಳಾಟವನ್ನೇ ಅಳೆಯುತ್ತದೆ. ಹಾಗಾಗಿ ನೀರಿನಲ್ಲಿರುವ ಜೀವಕೋಶವನ್ನೂ ಸವರಿ ನೋಡಬಹುದು.

ಇಷ್ಟು ಕೇಳಿ "ನಮ್ಮ ಲ್ಯಾಬಿನದ್ದು ಏನೂ ಅಲ್ಲ" ಎಂದು ಅಂದುಕೊಳ್ಳಬೇಡಿ. ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡಾಗ ಅವರ ಮೈಕ್ರೋಸ್ಕೋಪಿನ ಸ್ಕ್ರೂಗಳು ಬೆವರಿಗೆ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಐಪೀಸ್ ಬಿರುಕು ಬಿಟ್ಟಿತ್ತು. ಅವರೇ ಹಾಗೆ ಬರೆದುಕೊಂಡಿದ್ದಾರೆ. ಮೈಕ್ರೋಸ್ಕೋಪೇ ಇಲ್ಲದ ಹಳ್ಳಿ ಶಾಲೆಗಳಿಗೆ ಈಗ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಜೊತೆಗಾರರು ಮಾಡಿದ, ಕಾಗದ ಮಡಚಿ ಕಟ್ಟುವ ಮೈಕ್ರೋಸ್ಕೋಪ್. ಒಂದೇ ಸಣ್ಣ ಲೆನ್ಸ್, ಲೇವೆನ್‌ಹುಕ್ ಅವರ ಹಾಗೆ. 140 ಪಟ್ಟು. ಗದ್ದೆಯ ನೀರು ನೋಡಲು ಅಷ್ಟು ಸಾಕು.

ಕಡೆಯದಾಗಿ ಮೇಷ್ಟ್ರುಗಳಿಗೆ ಒಂದು ಮಾತು. ಮಲೆನಾಡಿನಲ್ಲಿ ಮೈಕ್ರೋಸ್ಕೋಪುಗಳು ಹಾಳಾಗುವುದು ಬಳಸಿ ಅಲ್ಲ, ಮಳೆಗಾಲದಲ್ಲಿ ಬೀರುವಿನೊಳಗೆ ಮುಚ್ಚಿಟ್ಟು. ಲೆನ್ಸಿನ ಮೇಲೆ ಬೂಷ್ಟು ಬೆಳೆಯುತ್ತದೆ. ಒಮ್ಮೆ ಬೇರು ಬಿಟ್ಟರೆ ಲೆನ್ಸಿನ ಲೇಪವನ್ನೇ ತಿಂದುಹಾಕುತ್ತದೆ, ಆಮೇಲೆ ಒರೆಸಿದರೆ ಹೋಗುವುದಿಲ್ಲ. ಜೂನ್ ಬರುವ ಮೊದಲೇ ಆಬ್ಜೆಕ್ಟಿವ್, ಐಪೀಸುಗಳನ್ನು ಬಿಚ್ಚಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಖಾಲಿಯಾದ ಜಾಗಕ್ಕೆ ಧೂಳು ಬೀಳದಂತೆ ಮುಚ್ಚಳ ಹಾಕಿ. ಸಿಲಿಕಾ ಜೆಲ್ಲಿನ ಬಣ್ಣ ಬದಲಾದರೆ ಲ್ಯಾಬಿನ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. 100ರ ಲೆನ್ಸಿನ ಎಣ್ಣೆಯನ್ನು ಅವತ್ತೇ ಲೆನ್ಸ್ ಪೇಪರಿನಿಂದ ಒರೆಸಿ, ಕರ್ಚೀಫು, ಸೆರಗು ಬೇಡ. ಎಣ್ಣೆ ಇರುವ ಸ್ಲೈಡಿನ ಮೇಲೆ 40ರ ಲೆನ್ಸ್ ತಿರುಗಿಸಲೇಬೇಡಿ. ಮಳೆಗಾಲದಲ್ಲೂ ವಾರಕ್ಕೊಂದು ಸಲ ಹೊರಗೆ ತೆಗೆದು ಮಕ್ಕಳಿಗೆ ಏನಾದರೂ ತೋರಿಸಿ. ಆ ದಿನಗಳಲ್ಲಿ ಪಾಚಿ, ಅಣಬೆ, ಗದ್ದೆ ನೀರಿಗೆ ಇಲ್ಲಿ ಬರವಿಲ್ಲ.